ಔಷಧಿ ಹುಟ್ಟುವ ಮುನ್ನ ಹಿಡಿಯುವ ಜರಡಿ

ಸ್ತನ ಕ್ಯಾನ್ಸರಿನ ಕೆಲವು ರೋಗಿಗಳಿಗೆ ತಜ್ಞ ವೈದ್ಯರು ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ನನ್ನು ಸೂಚಿಸುತ್ತಾರೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2014ರಲ್ಲಿ ಇದನ್ನು ಕ್ಯಾನ್‌ಮ್ಯಾಬ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇದರ ಬಗ್ಗೆ ಭಕ್ತಾದಿಗಳಿಂದ ಎರಡು ಪ್ರಶ್ನೆಗಳು ಬರುತ್ತಿರುತ್ತವೆ: ಪ್ರಾಣಿಯ ಜೀವಕೋಶದಿಂದ ಮಾಡಿದ್ದನ್ನು ಸಸ್ಯಾಹಾರಿಗಳಾದ ನಾವು ಸ್ವೀಕರಿಸಬಹುದೇ? ತಯಾರಿಕೆಯಲ್ಲಿ ಬಳಸುವ ಆಂಟಿಬಯೋಟಿಕ್ ದೇಹಕ್ಕೆ ಸೇರುವುದಿಲ್ಲವೇ? ಈ ಸಂಶಯದಿಂದ ಚಿಕಿತ್ಸೆಯನ್ನೇ ಮುಂದೂಡುವವರಿರುವುದರಿಂದ ವಿಷಯವನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯ.

ಮೊದಲನೆಯದು ಕೋಶದ ಮೂಲ. 1957ರಲ್ಲಿ ಅಮೆರಿಕದ ವಿಜ್ಞಾನಿ ಥಿಯೋಡರ್ ಪಕ್ ಅವರು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದಿಂದ ಪಡೆದ ಜೀವಕೋಶಗಳ ಸಂತತಿಯೇ ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿದೆ. ಪ್ರತಿ ಇಂಜೆಕ್ಷನ್ನಿಗಾಗಿ ಹೊಸದಾಗಿ ಪ್ರಾಣಿಯನ್ನು ಕೊಲ್ಲುವುದಿಲ್ಲ.

ಈ ಕೋಶಗಳಿಗೆ ಔಷಧಿ ತಯಾರಿಸುವ ಜೀನನ್ನು ಸೇರಿಸುತ್ತಾರೆ. ಆದರೆ ಅದು ಕೆಲವೇ ಕೋಶಗಳಲ್ಲಿ ಶಾಶ್ವತವಾಗಿ ನೆಲೆಯೂರುತ್ತದೆ. ನಮ್ಮ ರಾಣೆಬೆನ್ನೂರು ಸೀಮೆಯ ಬೀಜೋತ್ಪಾದಕ ರೈತರು ಹೊಲದಲ್ಲಿ ಬೆರಕೆ ಗಿಡ ಕಂಡರೆ ಕಿತ್ತೆಸೆಯುತ್ತಾರೆ. ಕಣ್ಣಿಗೆ ಕಾಣದ ಲಕ್ಷಾಂತರ ಕೋಶಗಳಲ್ಲಿ ಹಾಗೆ ಕೀಳುವ ಕೈ ಯಾವುದು? ಆ ಕೆಲಸವನ್ನು ಆಂಟಿಬಯೋಟಿಕ್ ಮಾಡುತ್ತದೆ. ಔಷಧಿಯ ಜೀನಿನ ಜೊತೆಗೆ ಆಂಟಿಬಯೋಟಿಕನ್ನು ತಾಳಿಕೊಳ್ಳುವ ಜೀನನ್ನೂ ಕಟ್ಟಿ ಕಳುಹಿಸಿರುತ್ತಾರೆ. ಅದನ್ನು ಪಡೆದ ಕೋಶ ಉಳಿಯುತ್ತದೆ, ಪಡೆಯದ್ದು ಸಾಯುತ್ತದೆ.

ಜ್ವರಕ್ಕೆ ಕೊಡುವ ಪೆನ್ಸಿಲಿನ್ ಇದಕ್ಕೆ ಒದಗದು. ಅದು ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಕೆಡಿಸುತ್ತದೆ. ಪ್ರಾಣಿಕೋಶಕ್ಕೆ ಆ ಭಿತ್ತಿಯೇ ಇಲ್ಲ. ಪ್ಯೂರೋಮೈಸಿನ್, ಹೈಗ್ರೋಮೈಸಿನ್, ಜಿ-418 ಮುಂತಾದವು ಪ್ರಾಣಿಕೋಶದೊಳಗೂ ಪ್ರೋಟೀನ್ ತಯಾರಿಕೆಯನ್ನು ತಡೆಯುತ್ತವೆ. ಪ್ಯೂರೋಮೈಸಿನ್ನಿಗೆ ಕೆಲವು ದಿನ ಸಾಕು, ಜಿ-418ಕ್ಕೆ ಒಂದೆರಡು ವಾರ ಬೇಕು. ಆಯುರ್ವೇದದಂತೆ ಇಲ್ಲಿಯೂ ಮಾತ್ರೆಯ ವಿವೇಕವೇ ಮುಖ್ಯ: ಕಡಿಮೆಯಾದರೆ ಜೊಳ್ಳು ಉಳಿಯುತ್ತದೆ, ಹೆಚ್ಚಾದರೆ ಕಾಳೂ ಸಾಯುತ್ತದೆ. ಆದ್ದರಿಂದ ಜೀನ್ ಸೇರಿಸದ ಕೋಶಗಳ ಮೇಲೆ ಮೊದಲೇ ಪರೀಕ್ಷಿಸಿ, ಅವೆಲ್ಲವನ್ನೂ ಕೊಲ್ಲುವ ಕನಿಷ್ಠ ಪ್ರಮಾಣವನ್ನು ನಿರ್ಧರಿಸುತ್ತಾರೆ. ಆಂಟಿಬಯೋಟಿಕ್ ಬಿಟ್ಟು ಬೇರೆ ಬಗೆಯ ಜರಡಿಗಳನ್ನು ಬಳಸುವ ತಯಾರಕರೂ ಇದ್ದಾರೆ.

ಉಳಿದ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಬೆಳೆಸಿ, ಉತ್ತಮ ಇಳುವರಿಯ ಸಂತತಿಯನ್ನು ಆರಿಸುತ್ತಾರೆ. ಹಲವು ತಲೆಮಾರುಗಳವರೆಗೆ ಅದರ ಗುಣ ಕೆಡದೆ ಉಳಿಯುವುದೇ ಎಂದು ಪರೀಕ್ಷಿಸಿ, ಬಿತ್ತನೆ ಬೀಜದಂತೆ ದ್ರವ ಸಾರಜನಕದಲ್ಲಿ, ಸುಮಾರು ಮೈನಸ್ 196 ಡಿಗ್ರಿ ಶೀತದಲ್ಲಿ ಕಾಪಿಡುತ್ತಾರೆ. ಮುಂದಿನ ಉತ್ಪಾದನೆಯೆಲ್ಲ ಆ ಸಂಗ್ರಹದಿಂದಲೇ. ಅನಂತರ ಔಷಧಿಯನ್ನು ಹಲವು ಹಂತಗಳಲ್ಲಿ ಶುದ್ಧೀಕರಿಸುತ್ತಾರೆ. ಹೀಗಾಗಿ ಜರಡಿಯಾಗಿ ಬಳಸಿದ ಆಂಟಿಬಯೋಟಿಕ್ ಇಂಜೆಕ್ಷನ್ನಿನ ಘಟಕವಲ್ಲ.

ರೋಗಿಗಳು ನಿಜವಾಗಿ ಗಮನಿಸಬೇಕಾದದ್ದು ಬೇರೆಯೇ ಇದೆ. ಗೆಡ್ಡೆಯ ಪರೀಕ್ಷೆಯಲ್ಲಿ ಹರ್-2 ಪಾಸಿಟಿವ್ ಎಂದು ಬಂದವರಿಗೆ ಮಾತ್ರ ಈ ಔಷಧಿ ಉಪಯುಕ್ತ; ಅಂಥವರು ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ 15ರಿಂದ 20 ಮಂದಿ. ಇದು ಹೃದಯವನ್ನು ದುರ್ಬಲಗೊಳಿಸಬಹುದಾದ್ದರಿಂದ ಚಿಕಿತ್ಸೆಗೆ ಮೊದಲೂ ನಡುವೆಯೂ ಎಕೋ ಪರೀಕ್ಷೆ ತಪ್ಪಿಸಬಾರದು. ಉಸಿರುಗಟ್ಟಿದಂತಾದರೆ, ಕಾಲು ಬಾತರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಆಯುರ್ವೇದ ವೈದ್ಯರಾಗಿ ನಾವು ಸ್ಪಷ್ಟವಾಗಿ ಹೇಳುತ್ತೇವೆ: ನಮ್ಮ ಕಷಾಯ, ಲೇಹ್ಯಗಳು ಈ ಇಂಜೆಕ್ಷನ್ನಿಗೆ ಬದಲಿಯಲ್ಲ. ಅವುಗಳನ್ನು ಜೊತೆಗೆ ಸೇವಿಸುವುದಾದರೂ ಕ್ಯಾನ್ಸರ್ ತಜ್ಞರಿಗೆ ಮೊದಲು ತಿಳಿಸಿರಿ. ಸಂಶಯವಿದ್ದರೆ ಕೇಳಿ ತಿಳಿಯಿರಿ; ಚಿಕಿತ್ಸೆಯ ಒಂದು ಸರದಿಯನ್ನೂ ಬಿಡಬೇಡಿರಿ.