ಪರೀಕ್ಷೆಯಲ್ಲಿ ಕಂಟೇನರಿನ ಸ್ಥಾನ

ಪ್ರಶ್ನೆ: ಡಿಪೆಂಡೆನ್ಸಿ ಇಂಜೆಕ್ಷನ್ ಕಂಟೇನರನ್ನು ಪ್ರತಿಯೊಂದು ಯೂನಿಟ್ ಟೆಸ್ಟಿಗೂ ಹೊಸದಾಗಿ ಕಟ್ಟಬೇಕೆ, ಅಥವಾ ಒಂದನ್ನೇ ಎಲ್ಲಕ್ಕೂ ಬಳಸಬಹುದೆ?

ಉತ್ತರ: ಶುದ್ಧ ಯೂನಿಟ್ ಟೆಸ್ಟಿಗೆ ಕಂಟೇನರೇ ಅನಾವಶ್ಯಕವೆಂಬುದು ನನ್ನ ದೃಢವಾದ ಅಭಿಪ್ರಾಯ. ಕ್ಲಾಸೊಂದು ತನಗೆ ಬೇಕಾದ ಪರಿಕರಗಳನ್ನು ತಾನೇ ಸೃಷ್ಟಿಸಿಕೊಳ್ಳದೆ ಹೊರಗಿನಿಂದ ಸ್ವೀಕರಿಸಬೇಕೆಂಬ, 2004ರಲ್ಲಿ ಮಾರ್ಟಿನ್ ಫೌಲರ್ ಅವರು ತಮ್ಮ ಪ್ರಸಿದ್ಧ ಲೇಖನದಲ್ಲಿ ವಿಶದಪಡಿಸಿದ ಈ ಪದ್ಧತಿಯ ದೊಡ್ಡ ಪ್ರಯೋಜನವೆಂದರೆ, ಆ ಪರಿಕರಗಳನ್ನು ನಾವು ಕೈಯಾರೆ ಒದಗಿಸಲು ಸಾಧ್ಯವಾಗುವುದೇ ಆಗಿದೆ. ಬಿಲ್ಲಿನ ಮೊತ್ತವನ್ನು ಗಣಿಸುವ ಕ್ಲಾಸಿಗೆ, ತೆರಿಗೆಯ ದರ ಸದಾ ಶೇಕಡಾ 18 ಎಂದೇ ಹೇಳುವ ಒಂದು ಹುಸಿ ವಸ್ತುವನ್ನು ಕನ್‌ಸ್ಟ್ರಕ್ಟರಿನ ಮೂಲಕ ಕೊಟ್ಟು, 100 ರೂಪಾಯಿಗೆ 118 ಬಂದಿತೆ ಎಂದು ನೋಡಿದರೆ ಸಾಕು.

ಹಲವು ಭಾಗಗಳ ಜೋಡಣೆಯನ್ನೇ ಪರೀಕ್ಷಿಸುವಾಗ ಮಾತ್ರ ಕಂಟೇನರು ಬೇಕಾಗುವುದು. ಅದನ್ನು ಕಟ್ಟಲು ಕಾಲವ್ಯಯವಾಗುವುದರಿಂದ, ಸ್ಪ್ರಿಂಗ್ ಚೌಕಟ್ಟು ಒಮ್ಮೆ ಕಟ್ಟಿದ್ದನ್ನು ಕಾಯ್ದಿರಿಸಿಕೊಂಡು, ಅದೇ ಸಂರಚನೆಯನ್ನು ಬೇಡುವ ಮುಂದಿನ ಟೆಸ್ಟುಗಳಿಗೂ ಒದಗಿಸುತ್ತದೆ. ಅಪಾಯವಿರುವುದು ಇಲ್ಲಿಯೇ. ಸಿಂಗಲ್‌ಟನ್ ವಸ್ತುವಿನೊಳಗೆ ಒಂದು ಟೆಸ್ಟು ಬಿಟ್ಟುಹೋದ ಮೌಲ್ಯವು ಮತ್ತೊಂದರ ಫಲಿತಾಂಶವನ್ನು ಕೆಡಿಸಿ, ಒಂಟಿಯಾಗಿ ಓಡಿಸಿದಾಗ ಗೆಲ್ಲುವ ಟೆಸ್ಟು ಸಮೂಹದಲ್ಲಿ ಸೋಲುವಂತಾಗುತ್ತದೆ. ಇಂತಹ ದೋಷದ ಮೂಲವನ್ನು ಹುಡುಕುವುದು ಅತ್ಯಂತ ಕ್ಲೇಶಕರವಾದ ಕೆಲಸ. ಸ್ಥಿತಿಯನ್ನು ಬದಲಿಸುವ ಟೆಸ್ಟಿಗೆ ‘ಡರ್ಟೀಸ್‌ಕಾಂಟೆಕ್ಸ್ಟ್’ ಎಂಬ ಗುರುತನ್ನು ಹಚ್ಚಿದರೆ ಸ್ಪ್ರಿಂಗ್ ಆ ಕಂಟೇನರನ್ನು ವಿಸರ್ಜಿಸಿ ಮುಂದಿನದಕ್ಕೆ ಹೊಸದನ್ನು ಕಟ್ಟುವುದು ನಿಜ. ಆದರೆ ಎಲ್ಲೆಡೆಯೂ ಅದನ್ನೇ ಹಚ್ಚಿದಲ್ಲಿ ಕಾಯ್ದಿರಿಸಿದ್ದರ ಪ್ರಯೋಜನವೇ ನಷ್ಟವಾಗುವುದು. ಕಂಟೇನರಿನ ನೋಂದಣಿಗಳೆಲ್ಲ ಸರಿಯಾಗಿವೆಯೆ ಎಂಬುದಕ್ಕೆ, ಅದನ್ನು ಪೂರ್ಣವಾಗಿ ಕಟ್ಟಿ ನೋಡುವ ಪ್ರತ್ಯೇಕ ಟೆಸ್ಟೊಂದನ್ನು ಇಟ್ಟುಕೊಳ್ಳಿ.