ಹಳೆಯ ಕಾರಿನ ಕಿಡಿ

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ತಿರುಪುಳಿಯ ಸಹವಾಸವೇಕೆಂದು ಕೇಳುಗರು ಸೋಜಿಗಪಡಬಹುದು. ನನ್ನಲ್ಲಿರುವುದು ಪೆಟ್ರೋಲಿನ ಹಳೆಯ ಅಂಬಾಸಿಡರ್. ಆ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಅದನ್ನು ಬಲ್ಲ ಕಸುಬುದಾರರೂ ವಿರಳರಾದರು.

ಒಮ್ಮೆ ಅದು ನಡುದಾರಿಯಲ್ಲಿ ನಿಲ್ಲತೊಡಗಿತು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ನೋಡಿದರೆ ಕಾಂಟಾಕ್ಟ್ ಪಾಯಿಂಟುಗಳು ಸುಟ್ಟು ಕರಿಗಟ್ಟಿದ್ದವು. ಹೊಸವನ್ನು ಹಾಕಿ, ನಡುವಣ ಎಡೆಯನ್ನು ಫೀಲರ್ ಗೇಜಿನಿಂದ 0.4 ಮಿಲಿಮೀಟರಿಗೆ ಹೊಂದಿಸಿದೆ. ಹದಿನೈದು ದಿನಗಳಲ್ಲಿ ಅವೂ ಸುಟ್ಟವು! ಆಗ ಅನುಮಾನ ಪಕ್ಕದ ಕಂಡೆನ್ಸರಿನತ್ತ ಹೊರಳಿತು. ಪಾಯಿಂಟುಗಳು ತೆರೆದುಕೊಂಡಾಗ ಎಡೆಯನ್ನು ಜಿಗಿಯಹೊರಡುವ ವಿದ್ಯುತ್ತನ್ನು ಅದು ತನ್ನೊಳಗೆ ತುಂಬಿಕೊಳ್ಳಬೇಕು. ಅದು ಕೆಟ್ಟರೆ ಕಿಡಿ ಅಲ್ಲಿಯೇ ಎದ್ದು ಲೋಹವನ್ನು ತಿನ್ನುತ್ತದೆ. ಪ್ಲಗ್ಗನ್ನು ಮುಟ್ಟಬೇಕಾದ ಕಿಡಿ ಸೊರಗುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಬಿಡಿಭಾಗದ ಹೆಸರನ್ನಷ್ಟೇ ಹೇಳಿದರೆ ಅಂಗಡಿಯವರು ಕೊಟ್ಟದ್ದೇ ಪ್ರಸಾದ. ಹಳೆಯದನ್ನು ಜೇಬಿನಲ್ಲಿ ಒಯ್ದು, ತಂತಿಯ ಉದ್ದವನ್ನೂ ತಿರುಪಿನ ತೂತನ್ನೂ ಹೋಲಿಸಿಯೇ ಕೊಳ್ಳಬೇಕು. ಗುಜರಿಯಿಂದ ಬಾಗಿಲ ಹಿಡಿಯನ್ನು ತಂದೇನು, ಬ್ರೇಕಿನ ಭಾಗವನ್ನು ಎಂದಿಗೂ ತರಲಾರೆ. ಆ ಕೆಲಸಕ್ಕೆ ನಾನು ಕೈಯನ್ನೂ ಹಾಕುವುದಿಲ್ಲ.

ಕಂಡೆನ್ಸರು ನಾಲ್ಕನೆಯ ಅಂಗಡಿಯಲ್ಲಿ ದೊರೆಯಿತು. ಎರಡನ್ನು ಕೊಂಡೆ.