ಸಖರಾಯಪಟ್ಟಣಕ್ಕೆ ಅಕ್ಷರಗಳೆಷ್ಟು? ಜಾವಾ ಲೈಬ್ರರಿಗಳ ಮುಂದಿರುವ ಪ್ರಶ್ನೆ

ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಹೆಸರಿನಲ್ಲಿ ಅಕ್ಷರಗಳೆಷ್ಟು? ಓದುವವರಿಗೆ ಏಳು, ಜಾವಾ ತಂತ್ರಾಂಶ ಭಾಷೆಗೆ ಹತ್ತು. 'ರಾ'ದ ದೀರ್ಘಕ್ಕೂ 'ಟ್ಟ'ದ ಹಲಂತಕ್ಕೂ ಒತ್ತಿಗೂ ಯುನಿಕೋಡ್ ಪ್ರತ್ಯೇಕ ಸಂಕೇತ ನೀಡಿರುವುದೇ ಇದಕ್ಕೆ ಕಾರಣ.

ಜಾವಾ ಬಳಕೆದಾರರಿಗೆ ಚಿರಪರಿಚಿತವಾದ ಮುಕ್ತ ಲೈಬ್ರರಿ ಅಪಾಚೆ ಕಾಮನ್ಸ್ ಲ್ಯಾಂಗ್. ಅದರ 'ರಿವರ್ಸ್' ಸೌಲಭ್ಯ ಈ ಹೆಸರನ್ನು ತಿರುಗಿಸಿದರೆ ರಕಾರದ ದೀರ್ಘ ಯಕಾರಕ್ಕೆ ಅಂಟಿಕೊಂಡು 'ಣಟ್ಟಪಯಾರಖಸ' ಎಂದಾಗುತ್ತದೆ. 'ಲೆಫ್ಟ್' ಸೌಲಭ್ಯದಿಂದ ಮೊದಲ ಎಂಟನ್ನು ಕೇಳಿದರೆ ದೊರೆಯುವುದು 'ಸಖರಾಯಪಟ್'. ರಸೀದಿಯಲ್ಲೋ ಅರ್ಜಿಯಲ್ಲೋ ಇಂತಹ ಕತ್ತರಿ ಬಿದ್ದರೆ ಊರಿನ, ವ್ಯಕ್ತಿಯ ಹೆಸರೇ ಕೆಡುತ್ತದೆ.

ಹಾಗಾದರೆ ಅಕ್ಷರಜ್ಞಾನವನ್ನು ಲ್ಯಾಂಗ್‌ಗೇ ಸೇರಿಸಬಾರದೇಕೆ? ಜಾವಾದ ಮೂಲ ಸೌಲಭ್ಯಗಳಿಗೆ ಪೂರಕವಾಗಿ, ಬೇರೆ ಲೈಬ್ರರಿಗಳ ಹಂಗಿಲ್ಲದೆ, ಒಂದು ಎಂಬಿಗಿಂತ ಹಗುರವಾಗಿರುವುದೇ ಲ್ಯಾಂಗ್‌ನ ಗುಣ. ಅದು ಬೆಳೆಯುತ್ತಾ ಹೋದುದರಿಂದಲೇ 2017ರಲ್ಲಿ ಪಠ್ಯ ಸಂಸ್ಕರಣೆಗೆಂದು ಕಾಮನ್ಸ್ ಟೆಕ್ಸ್ಟ್ ಎಂಬ ಪ್ರತ್ಯೇಕ ಲೈಬ್ರರಿ ಹೊರಬಂದಿತು. ಆದರೆ ಲ್ಯಾಂಗ್‌ನಲ್ಲಿದ್ದ ಹಳೆಯ ಸೌಲಭ್ಯಗಳನ್ನು ಕೂಡಲೇ ಅಳಿಸಲಾಗಲಿಲ್ಲ. ಅವನ್ನು ನಂಬಿದ್ದ ತಂತ್ರಾಂಶಗಳು ನಿಂತುಹೋಗುತ್ತಿದ್ದವು. ಒಮ್ಮೆ ಇಟ್ಟ ಜಾಗದಿಂದ ಕದಲಿಸುವುದು ಕಷ್ಟವೆಂಬುದು ಇದರಿಂದ ಸ್ಪಷ್ಟ.

ಜಾಗ ತಪ್ಪಿದರೆ ಅಪಾಯವೂ ಉಂಟು. ಟೆಕ್ಸ್ಟ್‌ನ 1.5ರಿಂದ 1.9ರವರೆಗಿನ ಆವೃತ್ತಿಗಳಲ್ಲಿ ಪದ ತುಂಬುವ ಸೌಲಭ್ಯಕ್ಕೆ ಸ್ಕ್ರಿಪ್ಟ್ ಓಡಿಸುವ ಶಕ್ತಿಯೂ ತಾನಾಗಿಯೇ ಸೇರಿತ್ತು. ಹೊರಗಿನವರು ನೀಡಿದ ಪಠ್ಯ ಅದಕ್ಕೆ ನೇರವಾಗಿ ತಲುಪಿದರೆ ದಾಳಿಗೆ ದಾರಿಯಾಗುತ್ತಿತ್ತು. 2022ರಲ್ಲಿ 1.10.0 ಆವೃತ್ತಿ ಆ ಶಕ್ತಿಯನ್ನು ಪೂರ್ವನಿಯೋಜಿತ ಪಟ್ಟಿಯಿಂದ ಕೈಬಿಟ್ಟಿತು.

ಭಾಷೆಗಳ ನಿಯಮಗಳಿಗೆಂದೇ ಇರುವುದು ಐಸಿಯು4ಜೆ. ಐಬಿಎಂನಲ್ಲಿ ಬೆಳೆದ ಈ ಲೈಬ್ರರಿ 2016ರಿಂದ ಯುನಿಕೋಡ್ ಒಕ್ಕೂಟದ ಆಶ್ರಯದಲ್ಲಿದೆ. ಗಾತ್ರ ಹತ್ತು ಎಂಬಿಗೂ ಹೆಚ್ಚು. ಭಾಷಾ ದತ್ತಾಂಶದ ಹೊರೆ ಅದು. ಈ ನಿಯಮಗಳೂ ಸ್ಥಿರವಲ್ಲ. 2023ರ ಯುನಿಕೋಡ್ 15.1 ದೇವನಾಗರಿ, ತೆಲುಗು ಮೊದಲಾದ ಕೆಲವು ಲಿಪಿಗಳ ಒತ್ತಕ್ಷರವನ್ನು ಒಂದೇ ಘಟಕವಾಗಿ ಎಣಿಸಲು ಅವಕಾಶ ನೀಡಿತು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ.

ಆದ್ದರಿಂದ ಹಂಚಿಕೆಯ ಸೂತ್ರ ಸರಳ. ಎಲ್ಲರಿಗೂ ಬೇಕಾದ, ಬದಲಾಗದ ಕೆಲಸ ಲ್ಯಾಂಗ್‌ಗೆ. ಪಠ್ಯದ ಲೆಕ್ಕಾಚಾರ ಟೆಕ್ಸ್ಟ್‌ಗೆ. ಯುನಿಕೋಡ್ ಜೊತೆಗೆ ಬದಲಾಗುವ ನಿಯಮ ಐಸಿಯುಗೆ. 'ಟ್ಟ'ವನ್ನು ಒಂದೆಂದು ಎಣಿಸುವ ಕನ್ನಡದ ವಿಶೇಷ ನಿಯಮಕ್ಕೆ ಇವುಗಳ ಮೇಲೆ ನಿಲ್ಲುವ ಪುಟ್ಟ ಲೈಬ್ರರಿಯೇ ಸೂಕ್ತ. ಅದನ್ನು ರೂಪಿಸುವ ಹೊಣೆ ಕನ್ನಡ ಬಲ್ಲ ತಂತ್ರಜ್ಞರದು.